ವಂಡೂರಿನ ಮರಳಲ್ಲಿ ಹುರಿದ ಕಡಲೆಕಾಯಿ

ಕೃಷ್ಣಸ್ವಾಮಿ: ಅಯ್ಯೋ, ಒಲೆ ಆರಿಸೇ! ನೀನು ಹುರೀತಿರೋದು ಕಡಲೆಕಾಯಿ ಅಲ್ಲ ಕಣೇ, ವಂಡೂರು ಬೀಚು!

ವತ್ಸಲಾ: ಬೀಚು ನಿಮ್ಮ ತಲೇಲಿದೆ. ಬಾಣಲೇಲಿರೋದು ಮರಳು. ಕಡಲೆಕಾಯಿ ಹುರಿಯೋ ಮರಳಿನ ಡಬ್ಬ ಖಾಲಿ ಆಗಿತ್ತು. ನಿಮ್ಮ ಹಾರ್ಲಿಕ್ಸ್ ಬಾಟ್ಲೀಲಿ ಇತ್ತು, ಸುರ್ಕೊಂಡೆ.

ಕೃಷ್ಣಸ್ವಾಮಿ: ಬಾಟ್ಲಿ ಮೇಲೆ ಕೆಂಪು ಇಂಕಲ್ಲಿ ‘ಮುಟ್ಟಬಾರದು’ ಅಂತ ಬರ್ದಿದ್ದೆ!

ವತ್ಸಲಾ: ಈ ಮನೇಲಿ ಯಾವುದರ ಮೇಲೆ ಬರ್ದಿಲ್ಲ? ಉಪ್ಪಿನಕಾಯಿ ಜಾಡಿ ಮೇಲೂ ಬರ್ದಿದೀರಿ. ಮುಟ್ಟದೆ ಬಡಿಸೋದು ಹೇಗೆ ಅಂತ ನೀವೇ ಹೇಳ್ಕೊಡಿ.

ಅದು ೧೯೮೫ರ ಅಕ್ಟೋಬರಿನ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ದಾಸರಹಳ್ಳಿಯ ಬಾಡಿಗೆ ಮನೆ. ಕೃಷ್ಣಸ್ವಾಮಿ ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮರಳು ಪರೀಕ್ಷಕ. ಅಲ್ಲಿ ಕರಗಿದ ಕಬ್ಬಿಣ ಸುರಿಯುವ ಅಚ್ಚುಗಳನ್ನು ಮರಳಿನಲ್ಲಿ ಮಾಡುತ್ತಾರೆ. ಬಂದ ಲಾರಿಯ ಮರಳು ಒಳಗೆ ಬರಬೇಕೋ ವಾಪಸು ಹೋಗಬೇಕೋ ಎಂದು ಹದಿನೆಂಟು ವರ್ಷದಿಂದ ಹೇಳುತ್ತಿರುವವನು ಅವನೇ. ಹೆಚ್ಚಾಗಿ ವಾಪಸು ಎಂದೇ ಹೇಳುತ್ತಿದ್ದ.

ನಾಲ್ಕು ವರ್ಷಕ್ಕೊಮ್ಮೆ ಕಾರ್ಖಾನೆ ತನ್ನ ನೌಕರರನ್ನು ಸಂಸಾರಸಮೇತ ದೇಶದ ಯಾವ ಮೂಲೆಗಾದರೂ ಕಳಿಸುತ್ತಿತ್ತು. ಮೊದಲ ಸಲ ವತ್ಸಲಾಳ ಅತ್ತೆ ಅಮ್ಮಣ್ಣಿಯವರ ಮಾತಿನಂತೆ ಕಾಶಿ, ಮುಂದಿನ ಸಲ ಹರಿದ್ವಾರ. ಈ ಸಲ ಅತ್ತೆಯ ಮಂಡಿ ಹಿಡಿದುಕೊಂಡಿತ್ತು, ಸರದಿ ವತ್ಸಲಾಳದ್ದಾಯಿತು. ಅವಳು ಹೇಳಿದ್ದು ಒಂದೇ ಮಾತು: ಸಮುದ್ರ. ಹೊಸಕೋಟೆಯ ಕೆರೆಯಿಂದ ಕಾಶಿಯ ಗಂಗೆಯವರೆಗೆ ಅವಳು ನೋಡಿದ ನೀರಿಗೆಲ್ಲ ಆಚೆ ದಡವಿತ್ತು. ಆಚೆ ದಡ ಕಾಣದ ನೀರನ್ನು ಒಮ್ಮೆ ನೋಡಿ, ಅದರಲ್ಲಿ ಮಂಡಿಯವರೆಗೆ ನಿಲ್ಲಬೇಕೆಂಬುದು ಅವಳ ಆಸೆ. ಕೃಷ್ಣಸ್ವಾಮಿ ಅಂಡಮಾನಿಗೆ ಒಪ್ಪಿದ. ಆದರೆ ಅಲ್ಲಿ ಯಾವ ಬೀಚಿನ ಹತ್ತಿರ ಉಳಿಯುವುದು ಎಂಬಲ್ಲಿ ತೀರ್ಮಾನಕ್ಕೆ ಬಾರದೆ ಕೂತ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅರ್ಜಿ ಕೊಡದಿದ್ದರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ಉಳಿಯುವ ಜಾಗದ ಕಾಲಮ್ಮು ಇನ್ನೂ ಖಾಲಿ.

ವತ್ಸಲಾ: ಬೇರೆಯವರು ಫೋಟೋ ನೋಡಿ ಆರಿಸ್ತಾರೆ. ನೀವು ಮಾತ್ರ ಮರಳು ತರಿಸ್ಕೊಂಡ್ರಿ.

ಕೃಷ್ಣಸ್ವಾಮಿ: ಫೋಟೋ ಯಾರು ಬೇಕಾದ್ರೂ ಚೆನ್ನಾಗಿ ತೆಗೀಬಹುದು. ಮರಳು ಸುಳ್ಳು ಹೇಳಲ್ಲ. ನಮ್ಮ ಸೆಕ್ಷನ್ ಉಪೇಂದ್ರ ಮೇ ತಿಂಗಳಲ್ಲಿ ಅಂಡಮಾನಿಗೆ ಹೊರಟಾಗ ಮೂರು ಬಾಟ್ಲಿ ಕೊಟ್ಟು ಕಳಿಸ್ದೆ. ಪಾಪ, ಮೂರು ಬೀಚಿಂದಾನೂ ತುಂಬಿಸ್ಕೊಂಡು ಬಂದ. ಈಗ ಕೇಳು. ಕಾರ್ಬಿನ್ ಬೀಚು, ದಪ್ಪ ಕಾಳು. ಬರಿಗಾಲಲ್ಲಿ ನಡೆದ್ರೆ ಚುಚ್ಚತ್ತೆ.

ವತ್ಸಲಾ: ಅಲೆ ಹೇಗಿರತ್ತಂತೆ?

ಕೃಷ್ಣಸ್ವಾಮಿ: ಅಲೆ ಬಾಟ್ಲೀಲಿ ಬರಲ್ಲ. ಎರಡನೇದು ಚಿಡಿಯಾ ಟಾಪು. ಜೇಡಿ ಜಾಸ್ತಿ. ನೀರು ಹಾಕಿ ಅಲ್ಲಾಡಿಸಿದ್ರೆ ಕಾಫಿ ಥರ ಆಗತ್ತೆ.

ವತ್ಸಲಾ: ಸೂರ್ಯ ಮುಳುಗೋದು ಅಲ್ಲೇ ಚೆನ್ನಾಗಿ ಕಾಣತ್ತೆ ಅಂತ ಪಕ್ಕದ್ಮನೆ ವಸಂತಮ್ಮ ಹೇಳಿದ್ರು.

ಕೃಷ್ಣಸ್ವಾಮಿ: ಸೂರ್ಯ ಪೀಣ್ಯದಲ್ಲೂ ಮುಳುಗ್ತಾನೆ. ಮೂರನೇದು ವಂಡೂರು. ಮರಳು ಅಂದ್ರೆ ಅದು ಕಣೇ! ಒಂದೇ ಸಮ ಕಾಳು, ಜೇಡಿಯಿಲ್ಲ, ಕಸವಿಲ್ಲ. ಹದಿನೆಂಟು ವರ್ಷದಲ್ಲಿ ಇಂಥ ಮರಳು ನನ್ನ ಕೈಗೆ ಬಂದಿಲ್ಲ. ಇನ್ನೊಂದೇ ಒಂದು ಪರೀಕ್ಷೆ ಬಾಕಿಯಿತ್ತು. ಅದನ್ನ ನೀನು ಬಾಣಲೆಗೆ ಹಾಕ್ದೆ.

ವತ್ಸಲಾ: ನಾಲ್ಕು ತಿಂಗಳಿಂದ ಜರಡಿ ಹಿಡೀತಿದೀರಲ್ಲ ರೀ, ಇನ್ನೆಂಥ ಪರೀಕ್ಷೆ?

ಕೃಷ್ಣಸ್ವಾಮಿ: ಕಾಯಿಸಿ ನೋಡೋದು.

ವತ್ಸಲಾ: ಮತ್ತೆ ನಾನೇನು ಮಾಡ್ದೆ?

ವತ್ಸಲಾ ಕಡಲೆಕಾಯಿಯನ್ನು ಜಾಲರಿಯಲ್ಲಿ ಎತ್ತಿ, ಮರಳು ಉದುರಿಸಿ ತಟ್ಟೆಗೆ ಸುರಿದಳು. ಮರಳನ್ನು ಬಾಣಲೆಯಲ್ಲೇ ಬಿಟ್ಟು, ಬೆರಳಿಗೆ ಅಂಟಿದ ಒಂದು ಚಿಟಿಕೆಯನ್ನು ನಾಲಿಗೆಗೆ ಮುಟ್ಟಿಸಿದಳು. ಹುಬ್ಬು ಗಂಟಾಯಿತು. ಇನ್ನೊಂದು ಚಿಟಿಕೆ ತೆಗೆದುಕೊಂಡಳು.

ಕೃಷ್ಣಸ್ವಾಮಿ: ಏನೇ ಅದು, ಮರಳು ತಿಂತಿದೀಯ?

ವತ್ಸಲಾ: ರೀ, ಸಮುದ್ರದ ನೀರು ಉಪ್ಪಲ್ವಾ?

ಕೃಷ್ಣಸ್ವಾಮಿ: ಮೂರನೇ ಕ್ಲಾಸ್ ಮಗುಗೂ ಗೊತ್ತು.

ವತ್ಸಲಾ: ಹಾಗಾದ್ರೆ ಈ ಮರಳು ಯಾಕೆ ಸಪ್ಪಗಿದೆ? ಕಡಲೆಕಾಯಿಗೆ ಒಂಚೂರು ಉಪ್ಪು ಹಿಡಿಯತ್ತೆ ಅಂತಾನೇ ಇದನ್ನ ಸುರಿದಿದ್ದು.

ಕೃಷ್ಣಸ್ವಾಮಿ: ಅದು... ಒಳ್ಳೆ ಮರಳು ಉಪ್ಪು ಹಿಡ್ಕೊಳಲ್ಲ. ಅದೇ ಅದರ ಗುಣ.

ವತ್ಸಲಾ: ಉಪ್ಪಿನ ವಿಷಯ ನನಗೆ ಹೇಳ್ಬೇಡಿ.

ಆ ಹೊತ್ತಿಗೆ ಬಾಗಿಲಲ್ಲಿ ಸೈಕಲ್ ಸ್ಟ್ಯಾಂಡಿನ ಸದ್ದಾಯಿತು. ಬಂದವನು ಉಪೇಂದ್ರ. ಮರಳನ್ನು ದಡದ ಯಾವ ಭಾಗದಿಂದ ತೆಗೆದೆ ಎಂದು ಕೇಳಲು ಕೃಷ್ಣಸ್ವಾಮಿಯೇ ಅವನನ್ನು ಬರಹೇಳಿದ್ದ. ವತ್ಸಲಾ ಕಡಲೆಕಾಯಿಯ ತಟ್ಟೆಯನ್ನು ಅವನ ಮುಂದಿಟ್ಟಳು.

ಉಪೇಂದ್ರ: ಸಕ್ಕತ್ತಾಗಿ ಹುರಿದಿದೀರ ಅಕ್ಕ.

ವತ್ಸಲಾ: ವಂಡೂರಿನ ಮರಳಲ್ಲಿ ಹುರಿದಿದ್ದು.

ಉಪೇಂದ್ರನ ಕೈಯಲ್ಲಿದ್ದ ಕಡಲೆಕಾಯಿ ಬಾಯಿಗೆ ಹೋಗದೆ ನಿಂತಿತು.

ವತ್ಸಲಾ: ಬೀಚಲ್ಲಿ ಗಾಳಿ ಹೇಗಿತ್ತಪ್ಪ?

ಉಪೇಂದ್ರ: ಗಾಳಿ... ಇತ್ತು ಅಕ್ಕ. ತಣ್ಣಗೆ.

ವತ್ಸಲಾ: ಸಮುದ್ರದ ನೀರಲ್ಲಿ ಇಳಿದ್ಯಾ? ರುಚಿ ಹೇಗಿತ್ತು?

ಉಪೇಂದ್ರ: ಚೆನ್ನಾಗಿತ್ತು ಅಕ್ಕ. ಎರಡು ಲೋಟ ಕುಡಿದೆ.

ಕೃಷ್ಣಸ್ವಾಮಿ ನಿಧಾನವಾಗಿ ಕುರ್ಚಿಯಿಂದ ಎದ್ದ.

ಕೃಷ್ಣಸ್ವಾಮಿ: ಉಪೇಂದ್ರ, ನೀನು ಅಂಡಮಾನಿಗೆ ಹೋಗಿದ್ದು ನಿಜ ತಾನೆ?

ಉಪೇಂದ್ರ: ಮದ್ರಾಸ್ ಬಂದರಿನ ತನಕ ಹೋಗಿದ್ದು ನಿಜ ಸಾರ್. ದೇವರಾಣೆ. ಹಡಗಿನ ಏಣಿ ಅರ್ಧ ಹತ್ತಿದ್ದೂ ನಿಜ. ಹಗ್ಗ ಕಟ್ಟಿ ನಿಲ್ಲಿಸಿದ್ರೂ ಅಲ್ಲಾಡ್ತಿತ್ತು ಸಾರ್ ಅದು! ಬಿಚ್ಚಿದ್ಮೇಲೆ ಏನು ಗತಿ ಅಂತ ಇಳಿದ್ಬಿಟ್ಟೆ. ಸೆಕ್ಷನ್ನಲ್ಲಿ ಹಾರ ಹಾಕಿ ಕಳಿಸಿದ್ರಲ್ಲ, ಮಾರನೇ ದಿನವೇ ಯಾವ ಮುಖ ಇಟ್ಕೊಂಡು ಬರಲಿ? ರಜೆ ಮುಗಿಯೋ ತನಕ ಅತ್ತಿಬೆಲೇಲಿ ಮಾವನ ಮನೇಲಿ ಇದ್ದೆ.

ಕೃಷ್ಣಸ್ವಾಮಿ: ಮತ್ತೆ ಮರಳು?

ಉಪೇಂದ್ರ: ಎಲ್ಲರ ಎದುರಿಗೇ ಬಾಟ್ಲಿ ಕೊಟ್ರಿ. ಖಾಲಿ ವಾಪಸ್ ಕೊಡೋಕೆ ಆಗತ್ತಾ ಸಾರ್? ಕಾರ್ಬಿನ್ ಅಂದ್ರೆ, ಮಾವ ಮಹಡಿ ಕಟ್ಟಿಸ್ತಿದಾರೆ, ಆ ರಾಶಿ. ಚಿಡಿಯಾ ಟಾಪು ನಮ್ಮ ಹುಡುಗಿ ಸ್ಕೂಲಲ್ಲಿ ಲಾಂಗ್ ಜಂಪ್ ಮಾಡೋ ಗುಂಡಿ.

ವತ್ಸಲಾ: ವಂಡೂರು?

ಉಪೇಂದ್ರ ಕಡಲೆಕಾಯಿಯ ಸಿಪ್ಪೆಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸತೊಡಗಿದ.

ಉಪೇಂದ್ರ: ಅದು ಬೇಡ ಬಿಡಿ ಅಕ್ಕ.

ಕೃಷ್ಣಸ್ವಾಮಿ: ಹೇಳಯ್ಯ! ಅಷ್ಟು ಒಳ್ಳೆ ಮರಳು ಎಲ್ಲಿ ಸಿಕ್ತು?

ಉಪೇಂದ್ರ: ನಮ್ಮ ಗೇಟ್ ಪಕ್ಕದ ಕ್ಯಾಂಟೀನ್ ಹಿಂದೆ ಸಾರ್. ಯುಗಾದಿ ಟೈಮಲ್ಲಿ ಕಂಟ್ರಾಕ್ಟರ್ ವೆಂಕಟರಮಣಪ್ಪ ಒಂದು ಲೋಡು ತಂದಿದ್ರಲ್ಲ, ನೀವು ರಿಜೆಕ್ಟ್ ಮಾಡಿದ್ದು. ಅವರು ಸಿಟ್ಟಲ್ಲಿ ಅಲ್ಲೇ ಸುರಿದು ಹೋದ್ರಲ್ಲ, ಅದು.

ಕೃಷ್ಣಸ್ವಾಮಿ ಮತ್ತೆ ಕುರ್ಚಿಯಲ್ಲಿ ಕೂತ. ವೆಂಕಟರಮಣಪ್ಪನ ಲಾರಿಯನ್ನು ಅವನು ಗೇಟಿನಲ್ಲೇ, ನಂಬರ್ ಪ್ಲೇಟು ನೋಡಿಯೇ ವಾಪಸು ಕಳಿಸುತ್ತಿದ್ದ ಸಂಗತಿ ವತ್ಸಲಾಳಿಗೆ ಗೊತ್ತಿತ್ತು. ಅದನ್ನು ಅವನೇ ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ.

ವತ್ಸಲಾ: ಹದಿನೆಂಟು ವರ್ಷದಲ್ಲಿ ಇಂಥ ಮರಳು ಕೈಗೆ ಬಂದಿಲ್ಲ ಅಂದ್ರಲ್ಲ? ನಿಜ. ಕೈ ಹಾಕಿದ್ರೆ ತಾನೆ ಬರೋದು?

ಕೃಷ್ಣಸ್ವಾಮಿ: ಸಾಕು ಬಿಡೇ. ಈಗ ಸ್ಯಾಂಪಲ್ಲೇ ಇಲ್ಲ ಅಂದ್ಮೇಲೆ ಬೀಚು ಆರಿಸೋದು ಹೇಗೆ? ನೋಡದೆ ಒಪ್ಪೋ ಜಾಯಮಾನ ನಂದಲ್ಲ. ಈ ಸಲ ಬೇಡ. ನಾಲ್ಕು ವರ್ಷ ತಾನೆ? ಮುಂದಿನ ಸಲ ಸರಿಯಾದವರ ಕೈಲಿ ತರಿಸಿ ನೋಡೋಣ.

ಅವನು ಅರ್ಜಿಯನ್ನು ಎರಡಾಗಿ ಮಡಚಿದ. ವತ್ಸಲಾ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಬಾಣಲೆಯ ಮರಳು ಆರಿತ್ತು. ಅದನ್ನು ಜೋಪಾನವಾಗಿ ಬಾಟ್ಲಿಗೆ ತುಂಬಿ ಮುಚ್ಚಳ ತಿರುಗಿಸಿದಳು.

ವತ್ಸಲಾ: ಉಪೇಂದ್ರ, ವೆಂಕಟರಮಣಪ್ಪನವರ ಮನೆ ನಮ್ಮ ದಾಸರಹಳ್ಳೀಲೇ ಅಲ್ವೇನಪ್ಪ, ಬಸ್ ಸ್ಟಾಪ್ ಹತ್ರ?

ಉಪೇಂದ್ರ: ಹೌದು ಅಕ್ಕ. ಯಾಕೆ?

ವತ್ಸಲಾ: ಹೀಗೇ ಹೋಗಿ ಬರೋಣ ಅಂತ. ಅವರ ಮರಳಲ್ಲಿ ಕಡಲೆಕಾಯಿ ಎಷ್ಟು ಚೆನ್ನಾಗಿ ಬಂತು, ನಮ್ಮ ಮನೆಯವರು ನಾಲ್ಕು ತಿಂಗಳು ಪರೀಕ್ಷೆ ಮಾಡಿ ಎಷ್ಟು ಹೊಗಳಿದ್ರು, ಎಲ್ಲ ಹೇಳ್ಬೇಕಲ್ವಾ? ಬಾಟ್ಲಿ ಮೇಲೆ ಚೀಟಿನೂ ಇದೆ, ಇವರ ಅಕ್ಷರದಲ್ಲೇ. ‘ಅತ್ಯುತ್ತಮ’ ಅಂತ ಬರೆದು ಸೈನ್ ಹಾಕಿದಾರೆ.

ಉಪೇಂದ್ರ: ಅಕ್ಕ, ಅಂಗೆ ಹೇಳಿದ್ರೆ ನನ್ನ ಕಥೆನೂ ಆಚೆ ಬರತ್ತೆ!

ವತ್ಸಲಾ: ಬರಲಿ ಬಿಡು. ನೀನು ಎರಡು ಲೋಟ ಸಮುದ್ರ ಕುಡಿದವನು.

ಉಪೇಂದ್ರ ಕೃಷ್ಣಸ್ವಾಮಿಯ ಕಡೆ ಕೈ ಮುಗಿದ.

ಉಪೇಂದ್ರ: ಸಾರ್, ದಮ್ಮಯ್ಯ, ಯಾವುದೋ ಒಂದು ಬೀಚು ಬರೀರಿ ಸಾರ್!

ಕೃಷ್ಣಸ್ವಾಮಿ ಹೆಂಡತಿಯನ್ನು ನೋಡಿದ. ಅವಳು ಆಗಲೇ ಚಪ್ಪಲಿಯಲ್ಲಿ ಒಂದು ಕಾಲು ಇಟ್ಟಿದ್ದಳು, ಕಂಕುಳಲ್ಲಿ ಬಾಟ್ಲಿ. ಅವನು ಅರ್ಜಿಯನ್ನು ಬಿಡಿಸಿ, ತೊಡೆಯ ಮೇಲೆ ಉಜ್ಜಿ ಮಡಿಕೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದ.

ಕೃಷ್ಣಸ್ವಾಮಿ: ಯಾವುದು ಬರೀಲಿ?

ವತ್ಸಲಾ: ವಂಡೂರು. ಹೆಸರು ಹೇಳಿ ಹೇಳಿ ಅಭ್ಯಾಸ ಆಗಿದೆ.

ಅವನು ಬರೆದ. ವತ್ಸಲಾ ಪಕ್ಕದಲ್ಲೇ ನಿಂತು ಕೊನೆಯ ಅಕ್ಷರದವರೆಗೂ ನೋಡಿದಳು. ಸೈನ್ ಬಿದ್ದ ಮೇಲೆ ಅರ್ಜಿಯನ್ನು ತಾನೇ ತೆಗೆದುಕೊಂಡು, ಅವನ ನಾಳಿನ ಊಟದ ಚೀಲದೊಳಗೆ ಇಟ್ಟಳು. ಚಪ್ಪಲಿಯಿಂದ ಕಾಲು ತೆಗೆದಳು.

ಉಪೇಂದ್ರ: ಅಕ್ಕ, ಅಂಡಮಾನಿಂದ ಬರುವಾಗ ನಂಗೂ ಒಂದು ಬಾಟ್ಲಿ ಮರಳು ತನ್ನಿ. ಸೆಕ್ಷನ್ನಲ್ಲಿ ಇನ್ನೂ ನಾಲ್ಕು ಜನ ಕೇಳ್ತಿದಾರೆ.

ಕೃಷ್ಣಸ್ವಾಮಿ ಮಾತ್ರ ಇನ್ನೂ ಪೆನ್ನು ಹಿಡಿದೇ ಕೂತಿದ್ದ.

ಕೃಷ್ಣಸ್ವಾಮಿ: ಅಲ್ಲ ಕಣೇ, ಅಷ್ಟು ದೂರ ಹೋದ್ಮೇಲೆ ಅಲ್ಲಿ ಮರಳು ಸರಿ ಇಲ್ದಿದ್ರೆ?

ವತ್ಸಲಾ: ದಡದಲ್ಲಿ ಕೂತು ರಿಜೆಕ್ಟ್ ಮಾಡ್ತಿರಿ. ನಾನು ನೀರಲ್ಲಿರ್ತೀನಿ.