ಹೊಲಿಗೆ ಮಾಯೋಕೆ ಕೊರವ ಮೀನು

"ಇಡೀ ಊರಿಗೆ ನೀರು ಕುಡಿಸೋ ಕೈ ಕಣತ್ತೆ ಇದು! ಇಪ್ಪತ್ತು ವರ್ಷದಿಂದ ನೀರೇ ನಾನು ಹೇಳ್ದಂಗೆ ಕೇಳ್ತೈತೆ. ಆ ನೀರಾಗಿರೋ ಒಂದು ಮೀನು ಕೇಳಲ್ವಾ?"

ಹೀಗೆಂದು ಹೊನ್ನೇಶ ಎದೆ ತಟ್ಟಿಕೊಂಡಾಗ ಅವನ ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಇತ್ತು. ಎದೆಗೆ ಬಡಿದದ್ದು ಅದೇ. ಚೆನ್ನಾಗಿಯೇ ನೋವಾಯಿತು. ಆದರೆ ಅತ್ತೆಯ ಎದುರು ನೋವಾಯಿತೆಂದು ಒಪ್ಪಿಕೊಳ್ಳುವ ಅಳಿಯ ಇನ್ನೂ ಹುಟ್ಟಿಲ್ಲ!

ಹೊನ್ನೇಶ ದೇವನೂರಿನ ಪಕ್ಕದ ಒಂದು ಹಳ್ಳಿಯ ನೀರುಗಂಟಿ. ಬೆಳಗ್ಗೆ ಐದಕ್ಕೆ ಎದ್ದು ಮೋಟರ್ ಹಾಕಿ, ಬೀದಿಬೀದಿಯ ವಾಲ್ವ್ ತಿರುಗಿಸಿ, ಕೆಳಗಿನ ಬೀದಿಯವರಿಂದ "ಬೇಗ ನಿಲ್ಲಿಸಿದೆ" ಎಂದೂ ಮೇಲಿನ ಬೀದಿಯವರಿಂದ "ತಡವಾಗಿ ಬಿಟ್ಟೆ" ಎಂದೂ ಬೈಸಿಕೊಂಡು ಎಂಟಕ್ಕೆ ಮನೆ ಸೇರುವವನು. ಹೆಂಡತಿ ತ್ರಿವೇಣಿಗೆ ಕಡೂರಿನಲ್ಲಿ ಗರ್ಭಕೋಶದ ಆಪರೇಷನ್ ಆಗಿ ಆಗಿನ್ನೂ ಒಂದು ವಾರ. "ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು, ನಗಬಾರದು, ಚೆನ್ನಾಗಿ ರೆಸ್ಟ್ ಆಗಬೇಕು. ಮೂರು ವಾರ ಬಿಟ್ಟು ಕರೆದುಕೊಂಡು ಬನ್ನಿ. ಹೊಲಿಗೆ ಸರಿಯಾಗಿ ಕೂಡದಿದ್ದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತೆ" ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಆ ಕೊನೆಯ ಮಾತು ಕೇಳಿದಾಗಿನಿಂದ ಹೊನ್ನೇಶನಿಗೆ ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಎಂದರೆ ಅವನಿಗೆ ಪ್ರಾಣ. ಅದನ್ನು ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಆ ಭಯವೇ ಅವನನ್ನು ನರ್ಸನ್ನಾಗಿ ಮಾಡಿತು. ಅಂಥ ನರ್ಸು ಶತ್ರುವಿಗೂ ಬೇಡ! ತ್ರಿವೇಣಿ ಕಣ್ಣು ಮುಚ್ಚಿದರೆ "ನೋಯ್ತೈತೇನೇ?" ಕಣ್ಣು ಬಿಟ್ಟರೆ "ನಿದ್ದೆ ಬರಲಿಲ್ವೇನೇ?" ಮಗ್ಗುಲಾದರೆ "ಹೊಲಿಗೆ ಕಣೇ, ಹೊಲಿಗೆ!" ಅವಳು ನಿಜವಾಗಿ ನಿದ್ದೆಹೋದರೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವನು. ಬೆರಳಿಗೆ ವಾಲ್ವಿನ ಗ್ರೀಸ್ ವಾಸನೆ! ಅವಳು ಬೆಚ್ಚಿ ಎದ್ದರೆ "ಸದ್ಯ!" ಎಂದು ನಿಟ್ಟುಸಿರು ಬಿಡುವನು. ನೋಡಲು ಬಂದವರಿಗೆಲ್ಲ ಸ್ಕ್ಯಾನಿಂಗ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ತಾನೇ ಕತ್ತರಿ ಹಿಡಿದಿದ್ದವನ ಹಾಗೆ ಆಪರೇಷನ್ನಿನ ಕಥೆ ಹೇಳುವನು. ಅವನು ಪಾತ್ರೆ ತೊಳೆದರೆ ಮೂರು ಮನೆಯಾಚೆಗೆ ಕೇಳುವುದು. ವಾರ ಕಳೆಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ರೋಗಿ ಯಾರೆಂದು ತಿಳಿಯಲು ಮಂಚದ ಮೇಲೆ ಯಾರಿದ್ದಾರೆಂದು ನೋಡಬೇಕಿತ್ತು.

ಮಗಳ ಆರೈಕೆಗೆಂದು ಅಜ್ಜಂಪುರದಿಂದ ಬಂದಿದ್ದ ಅತ್ತೆ ಹುಲಿಯಮ್ಮ ಇದನ್ನೆಲ್ಲ ಎಲೆಯಡಿಕೆ ಮೆಲ್ಲುತ್ತಾ ನೋಡಿದಳು. ಎಂಟನೆಯ ದಿನ ಬೆಳಗ್ಗೆ ಮಗಳ ಕಿವಿಯಲ್ಲಿ ಏನೋ ಉಸುರಿ, ಜಗಲಿಗೆ ಬಂದು ಅಪ್ಪಣೆ ಕೊಡಿಸಿದಳು.

"ಹೊಲಿಗೆ ಬೇಗ ಮಾಯ್ಬೇಕು ಅಂದ್ರೆ ಕೊರವ ಮೀನಿನ ಸಾರು ಕುಡಿಸ್ಬೇಕು ಅಳಿಯಂದ್ರೇ. ಅದ್ರಂಥ ಔಷಧಿ ಇಲ್ಲ."

"ಅಷ್ಟೇನಾ? ಬೀರೂರಾಗೆ ಸಿಗ್ತೈತೆ. ಮಧ್ಯಾಹ್ನದ ಬಸ್ಸಿಗೆ ಹೋಗಿ ತಂದ್ಬಿಡ್ತೀನಿ."

"ಐಸ್ನಾಗಿಟ್ಟಿದ್ದು ಬ್ಯಾಡ! ಜೀವ ಇರ್ಬೇಕು."

"ಜೀವ ಇರೋದೇ ತತ್ತೀನಿ."

ಹುಲಿಯಮ್ಮ ಒಂದು ಗಳಿಗೆ ತಡವರಿಸಿ, ಎಲೆಯಡಿಕೆ ಉಗಿದು ಬಂದಳು. "ಕೊಂಡ್ಕಂಡಿದ್ದು ನಾಟಲ್ಲ. ಕಟ್ಕಂಡ ಗಂಡ ತನ್ನ ಕೈಯಾರೆ ಗಾಳ ಹಾಕಿ ಹಿಡ್ದಿರ್ಬೇಕು."

"ಇದ್ಯಾವ ಕಡೆ ಪದ್ಧತಿ ಅತ್ತೆ?"

"ಅಜ್ಜಂಪುರದ ಕಡೇದು."

ಅಜ್ಜಂಪುರಕ್ಕೆ ಹೋಗಿ ವಿಚಾರಿಸಿ ಬರುವಷ್ಟು ಪುರುಸೊತ್ತು ಹೊನ್ನೇಶನಿಗಿರಲಿಲ್ಲ. ಅವನು ಕೀಲಿಯಿಂದ ಎದೆ ಬಡಿದುಕೊಂಡದ್ದು ಆಗಲೇ. ಒಳಗಿನಿಂದ ತ್ರಿವೇಣಿಯ ಸೋತ ದನಿ ಕೇಳಿತು. "ಅವ್ರಿಗೆ ಗಾಳ ಹಿಡಿಯಕ್ಕೇ ಬರಲ್ಲ ಕಣವ್ವ."

"ಅದಕ್ಕೇ ಕಣೇ, ಸುಮ್ಕಿರು!" ಎಂದಳು ಹುಲಿಯಮ್ಮ. ಹೊನ್ನೇಶ ಅದನ್ನು ಪ್ರೋತ್ಸಾಹ ಎಂದುಕೊಂಡ.

ಊರಲ್ಲಿ ಒಬ್ಬ ಗಾಳ ಹಿಡಿದರೆ ಸಾಕು, ಬುದ್ಧಿ ಹೇಳಲು ಇಡೀ ಊರು ಕೆರೆಯ ಏರಿ ಹತ್ತುತ್ತದೆ. ಮೊದಲು ಸಿಕ್ಕವನು ಮೊಬೈಲ್ ಅಂಗಡಿಯ ಶಶಿಧರ. ಅವನು ಜೀವಮಾನದಲ್ಲಿ ಕೆರೆಗೆ ಕಾಲಿಟ್ಟವನಲ್ಲ. ಆದರೆ ವಿಡಿಯೋ ನೋಡಿದ್ದ!

"ಕೊರವ ಮೀನು ಅಂದ್ರೆ ಹುಡುಗಾಟ ಅಲ್ಲ ಕಣಣ್ಣ. ಕಳೆ ಒಳಗೆ ಅವಿತ್ಕಂಡು ಬೇಟೆ ಆಡೋ ಜಾತಿ. ರೀಲ್ ಇರೋ ಕಡ್ಡಿ ಬೇಕು, ರಬ್ಬರ್ ಕಪ್ಪೆ ಬೇಕು. ದೂರಕ್ಕೆ ಬೀಸು, ಎಳಿ, ಬಿಡು, ಎಳಿ!"

ಹೊನ್ನೇಶ ರಬ್ಬರ್ ಕಪ್ಪೆ ತರಿಸಿದ. ಏರಿಯ ಮೇಲೆ ರಣರಂಗಕ್ಕೆ ನಿಂತ ವೀರನಂತೆ ನಿಂತು, ಕಡ್ಡಿಯನ್ನು ಹಿಂದಕ್ಕೆ ಬೀಸಿದ. ಮುಂದಕ್ಕೆ ಬೀಸಲು ಹೋದರೆ ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಹಿಂದೆ ಯಾರೋ ದೊಡ್ಡದಾಗಿ ಉಸಿರು ಬಿಟ್ಟಂತಾಯಿತು. ಗಾಳ ಏರಿಯ ಮೇಲೆ ಮೇಯುತ್ತಿದ್ದ ಹಾಲಮ್ಮಜ್ಜಿಯ ಎಮ್ಮೆಯ ಬಾಲದ ಕೂದಲಿಗೆ ಸಿಕ್ಕಿಕೊಂಡಿತ್ತು! ಎಮ್ಮೆ ಕೆರೆಗಿಳಿಯಿತು. ಅದರ ಹಿಂದೆ ಕಡ್ಡಿ, ಕಡ್ಡಿಯ ಹಿಂದೆ ಹೊನ್ನೇಶ. ಮೂವರೂ ಕೆರೆಯಿಂದ ಮೇಲೆ ಬರುವಾಗ ಮಧ್ಯಾಹ್ನ ಎರಡಾಗಿತ್ತು.

"ಏನಪ್ಪಾ ಹೊನ್ನೇಶ, ಮೀನು ಹಿಡಿಯಕ್ ಬಂದ್ಯೋ, ನನ್ನೆಮ್ಮೆ ಹಿಡಿಯಕ್ ಬಂದ್ಯೋ?" ಎಂದಳು ಹಾಲಮ್ಮಜ್ಜಿ.

ಮರುದಿನ ರೀಲು ಬಿಟ್ಟು ಬಿದಿರು ಕೋಲು, ನೈಲಾನ್ ದಾರ, ತೇಲಿಬಿಡಲು ಜೋಳದ ದಂಟಿನ ಬೆಂಡು, ಎರೆಹುಳ ಹಿಡಿದು ಬಂದ. ಗಾಳ ಹಾಕಿದ. ಒಂದು ನಿಮಿಷಕ್ಕೆ ಎತ್ತಿ ನೋಡಿದ. ಹುಳ ಇತ್ತು. ಮತ್ತೆ ಹಾಕಿದ. ಮತ್ತೆ ಎತ್ತಿದ. ಕೋಲನ್ನು ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ, ಬಗ್ಗಿ ನೀರಿನೊಳಗೆ ಇಣುಕಿದ. ಎಮ್ಮೆ ಕಾಯುತ್ತಾ ಕೂತಿದ್ದ ಹಾಲಮ್ಮಜ್ಜಿಗೆ ನೋಡಿ ನೋಡಿಯೇ ಸುಸ್ತಾಯಿತು.

"ಹಂಗೆ ಎತ್ತೆತ್ತಿ ನೋಡಿದ್ರೆ ಕಚ್ತೈತೇನಪ್ಪಾ? ಅದಕ್ಕೂ ಒಂಚೂರು ಹೊತ್ತು ಬಿಡು. ನೀನಿಲ್ಲಿದ್ದೀಯ ಅನ್ನೋದೇ ಅದಕ್ಕೆ ಮರ್ತೋಗ್ಬೇಕು."

"ಸಿಕ್ಕೈತೋ ಇಲ್ವೋ ಅಂತ ತಿಳ್ಕಳದು ಹೆಂಗಜ್ಜಿ?"

"ಸಿಕ್ರೆ ಅದೇ ಹೇಳ್ತೈತೆ ಬಿಡು."

ಮಾತು ಸರಿಯಾಗಿಯೇ ಇತ್ತು. ಆದರೆ ಸುಮ್ಮನೆ ಕೂರುವ ವಿದ್ಯೆ ಹೊನ್ನೇಶನ ವಂಶದಲ್ಲೇ ಇರಲಿಲ್ಲ. ಉಳಿದವರ ಸಲಹೆಗಳೇ ಸುಲಭವಾಗಿದ್ದವು. ಹುಳಕ್ಕೆ ಇಂಗು ಹಚ್ಚು ಎಂದರು, ಹಚ್ಚಿದ. ಬಿಳಿ ಅಂಗಿ ಹಾಕಬೇಡ ಎಂದರು, ಬಿಚ್ಚಿದ. ಬೆನ್ನು ಸುಟ್ಟಿತು. ಮೂಡಲಿಗೆ ಮುಖ ಮಾಡು ಎಂದ ಒಬ್ಬ, ಪಡುವಲಿಗೆ ಎಂದ ಇನ್ನೊಬ್ಬ. ಹೊನ್ನೇಶ ಅರ್ಧರ್ಧ ದಿನ ಹಂಚಿದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅವನ ಕೈ, ಕಾಲು, ಕಿವಿ ಎಲ್ಲ ಕೆಸರಾದವು, ಮೊಸರಿನ ಸುಳಿವಿಲ್ಲ! ಹತ್ತು ದಿನಕ್ಕೆ ಸಿಕ್ಕಿದ್ದು ಬೆರಳುದ್ದದ ಎರಡು ಜಿಲೇಬಿ ಮೀನು, ಒಂದು ಏಡಿ, ಒಂದು ಚಪ್ಪಲಿ. ಹುಲಿಯಮ್ಮ ಚಪ್ಪಲಿಯನ್ನು ತಿರುಗಿಸಿ ನೋಡಿ, "ಜೊತೇದು ನಾಳೆ ಸಿಗ್ಬೋದು, ಬೇಗ ಹೊರಡಿ" ಎಂದಳು.

ದಿನಾ ಸಂಜೆ ಬರಿಗೈಲಿ ಬಂದಾಗ ತ್ರಿವೇಣಿ ಗೋಡೆಗೊರಗಿ ಕೂತು ಮುದ್ದೆ ಉಣ್ಣುತ್ತಿರುತ್ತಿದ್ದಳು. ಕಣ್ಣ ಕೆಳಗಿನ ಕಪ್ಪು ಹೋಗಿ ಮುಖಕ್ಕೆ ಕಳೆ ಬಂದಿತ್ತು. ಹೊನ್ನೇಶನಿಗೆ ಅದು ಕಾಣಲಿಲ್ಲ. ಅವನ ಕಣ್ಣ ತುಂಬ ಮುಳುಗದ ಬೆಂಡೇ ತೇಲುತ್ತಿತ್ತು. ಊರಿಗೆಲ್ಲ ನೀರು ಬಿಟ್ಟೆ, ಕಟ್ಟಿಕೊಂಡವಳಿಗೆ ಒಂದು ಬಟ್ಟಲು ಸಾರು ಕೊಡಲಾಗಲಿಲ್ಲವಲ್ಲ ಎಂದು ಅವನಿಗೆ ಅಳುವೇ ಬರುವಂತಾಗುತ್ತಿತ್ತು. ಆಸ್ಪತ್ರೆಗೆ ಹೋಗಲು ಇನ್ನು ಮೂರೇ ದಿನ.

ಆಗ ಶಶಿಧರ ಕೊನೆಯ ಅಸ್ತ್ರ ಕೊಟ್ಟ. "ರಬ್ಬರ್ ಕಪ್ಪೆ ಆಗ್ಲಿಲ್ಲ ಅಂದ್ರೆ ಜೀವಂತ ಕಪ್ಪೆ ಹಾಕಣ್ಣ. ಕೊರವ ಮೀನಿಗೆ ಅದು ಹೋಳಿಗೆ ಊಟ!"

ಕಪ್ಪೆಗಳ ವಿಳಾಸ ನೀರುಗಂಟಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಎಲ್ಲವೂ ವಾಲ್ವ್ ಗುಂಡಿಯ ಖಾಯಂ ನಿವಾಸಿಗಳು. ಮರುದಿನ ಬೆಳಗ್ಗೆ ಕೆಳಗಿನ ಬೀದಿಗೆ ನೀರು ಬಿಟ್ಟು, ಗುಂಡಿಯಿಂದ ಹನ್ನೊಂದು ಮರಿಗಪ್ಪೆ ಹಿಡಿದ. ಹಾಕಿಕೊಳ್ಳಲು ಏನೂ ಇರಲಿಲ್ಲ. ಕೈಯಲ್ಲಿದ್ದದ್ದು ಡೈರಿಯಿಂದ ಹಾಲು ತರುವ ಖಾಲಿ ಕ್ಯಾನು. ಮುಚ್ಚಳ ಹಾಕಿ ತಂದು ಅಡುಗೆಮನೆಯಲ್ಲಿಟ್ಟು, ಗಾಳದ ಕೋಲು ತರಲು ಹಿತ್ತಿಲಿಗೆ ಹೋದ.

ಹುಲಿಯಮ್ಮ ಎದ್ದಳು. ಕ್ಯಾನು ಕಂಡಿತು. ಅಳಿಯ ಇವತ್ತು ಹಾಲು ತಂದನಲ್ಲ ಎಂದು ಸಂತೋಷವಾಯಿತು. ಒಲೆ ಹಚ್ಚುವ ಮೊದಲು ಪಾತ್ರೆಗೆ ಬಗ್ಗಿಸಿದಳು.

"ಅಯ್ಯಯ್ಯಪ್ಪೋ! ಹಾಲು ಜಿಗೀತಾ ಐತೆ!"

ಹನ್ನೊಂದು ಕಪ್ಪೆ ಹನ್ನೊಂದು ದಿಕ್ಕಿಗೆ ಹಾರಿದವು. ಒಂದು ಸಕ್ಕರೆ ಡಬ್ಬಕ್ಕೆ, ಒಂದು ಹುಲಿಯಮ್ಮನ ತುರುಬಿಗೆ! ಹೊನ್ನೇಶ ಟವೆಲ್ ಬೀಸುತ್ತಾ ಓಡಿ ಬಂದು, ಹಿಡಿಯಲು ಹೋದದ್ದು ಕಪ್ಪೆಯನ್ನು, ಕೈಗೆ ಸಿಕ್ಕಿದ್ದು ಅತ್ತೆಯ ತುರುಬು. "ಬಿಡ್ರೀ ಅಳಿಯಂದ್ರೇ!" "ಅಲ್ಲಾಡ್ಬೇಡಿ ಅತ್ತೆ, ಇದೇ ದಪ್ಪನಾಗೈತೆ!" ಎನ್ನುತ್ತಾ ಇಬ್ಬರೂ ಜಾರಿ ಕುಳಿತರು. ಅಷ್ಟರಲ್ಲಿ ಒಂದು ಕಪ್ಪೆ ತ್ರಿವೇಣಿಯ ಮಂಚ ಹತ್ತಿ, ಡಾಕ್ಟರ ಚೀಟಿಯ ಮೇಲೆ ಕೂತು, ಓದುವವರ ಹಾಗೆ ಗಂಟಲು ಸರಿಮಾಡಿಕೊಂಡಿತು.

ತ್ರಿವೇಣಿ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, "ಅಮ್ಮಾ! ಅಯ್ಯೋ ಅಮ್ಮಾ! ಸಾಕು!" ಎಂದು ಕಣ್ಣೀರು ಸುರಿಸುತ್ತಾ ಒದ್ದಾಡಿದಳು. ನಗುತ್ತಿದ್ದಳು. ಹೊನ್ನೇಶನಿಗೆ ಕಂಡದ್ದು ಕಣ್ಣೀರು ಮಾತ್ರ.

"ಹೊಲಿಗೆ ಬಿಚ್ಚೋಯ್ತು! ಆಟೋ! ಯಾರಾದ್ರೂ ಆಟೋ ಕರೀರೋ!"

ಆಟೋ ಕಡೂರಿನ ಕಡೆ ಓಡಿತು. ಅರ್ಧ ದಾರಿಯಲ್ಲಿ ಶಶಿಧರನ ಫೋನು. "ಅಣ್ಣ, ಕೆಳಗಿನ ಬೀದಿ ವಾಲ್ವ್ ನಿಲ್ಸಿಲ್ವಾ? ನಮ್ಮಂಗಡಿ ಮುಂದೆನೇ ಕೆರೆ ಆಗೈತೆ. ಗಾಳ ತಗಂಡು ಇಲ್ಲಿಗೇ ಬಂದ್ಬಿಡು!" ಹೊನ್ನೇಶ ವಾಲ್ವ್ ಹೇಗೆ ನಿಲ್ಲಿಸಬೇಕೆಂದು ಅಳುದನಿಯಲ್ಲಿ ಹೇಳಿಕೊಟ್ಟು ಫೋನಿಟ್ಟ.

ಡಾಕ್ಟರಮ್ಮ ಪರೀಕ್ಷೆ ಮಾಡುವವರೆಗೂ ಹೊನ್ನೇಶ ಬಾಗಿಲ ಹೊರಗೆ ಕಂಬ ಹಿಡಿದು ನಿಂತಿದ್ದ. ಒಳಗೆ ಕರೆದಾಗ ಅವರ ಮುಖದಲ್ಲಿ ನಗು.

"ಹೊಲಿಗೆ ತುಂಬಾ ಚೆನ್ನಾಗಿ ಮಾಯ್ದಿದೆ. ಇಲ್ಲಿಂದ ಹೋಗುವಾಗ ಸೊರಗಿಹೋಗಿದ್ರು, ಈಗ ನೋಡಿ! ಚೆನ್ನಾಗಿ ರೆಸ್ಟ್ ಕೊಟ್ಟಿದ್ದೀರ. ಏನು ಮಾಡಿದ್ರಿ?"

"ಏನೂ ಆಗ್ಲಿಲ್ಲ ಮೇಡಂ" ಎಂದ ಹೊನ್ನೇಶ ತಲೆ ತಗ್ಗಿಸಿ. "ಹತ್ತು ದಿನ ಬೆಳಗಿಂದ ಸಂಜೆ ತನಕ ಕೆರೆ ತಾವೇ ಕೂತಿದ್ದೆ. ಒಂದು ಕೊರವ ಮೀನೂ ಸಿಗ್ಲಿಲ್ಲ."

ಡಾಕ್ಟರಮ್ಮ ತ್ರಿವೇಣಿಯ ಮುಖ ನೋಡಿದರು. ತ್ರಿವೇಣಿ ಸೀಲಿಂಗ್ ಫ್ಯಾನ್ ನೋಡಿದಳು. ಡಾಕ್ಟರಮ್ಮ ಚೀಟಿಯಲ್ಲಿ ಏನೋ ಗೀಚಿ, "ಅದೇ ಔಷಧಿ ಇನ್ನೂ ಹದಿನೈದು ದಿನ ಮುಂದುವರಿಸಿ" ಎಂದರು.

ವಾಪಸ್ಸು ಬರುವಾಗ ಆಟೋದಲ್ಲಿ ಹೊನ್ನೇಶ ಕೇಳಿದ. "ಯಾವ ಔಷಧಿ ಕಣೇ?"

"ಬೈಬಾರ್ದು ಆಮೇಲೆ" ಎಂದಳು ತ್ರಿವೇಣಿ. "ಕೊರವ ಮೀನು ನಾನು ತಿನ್ನಾದೇ ಇಲ್ಲ ಕಣ್ರೀ. ಅದ್ರ ತಲೆ ಹಾವಿನಂಗಿರ್ತೈತೆ, ನೋಡಿದ್ರೆ ವಾಕರಿಕೆ."

"ಮತ್ತೆ ಅತ್ತೆ ಹೇಳಿದ್ದು? ಅಜ್ಜಂಪುರದ ಪದ್ಧತಿ?"

ಹುಲಿಯಮ್ಮ ಆಟೋದಿಂದ ತಲೆ ಹೊರಗೆ ಹಾಕಿ ರಸ್ತೆಬದಿಯ ತೆಂಗಿನ ಮರಗಳನ್ನು ನೋಡತೊಡಗಿದಳು.

"ನೀವು ಮನೇಲಿದ್ರೆ ನಂಗೆ ಕಣ್ಣು ಮುಚ್ಚಕ್ಕೇ ಭಯ ಕಣ್ರೀ. ಮುಚ್ಚಿದ್ರೆ ಮೂಗಿಗೆ ಬೆರಳು! ಬ್ಯಾಡ ಅಂದ್ರೆ ನೊಂದ್ಕಂತೀರ. ನೀವು ಕೆರೆಗೆ ಹೋದ ಮೇಲೆ ಮನೆ ಎಷ್ಟು ತಣ್ಣಗಾಯ್ತು ಅಂತೀರಾ! ದಿನಾ ನಾಕು ಗಂಟೆ ನಿದ್ದೆ ಮಾಡ್ದೆ. ಎಲ್ಲಿ ಮೀನು ಸಿಕ್ಕು ನೀವು ಬೇಗ ಬಂದ್ಬಿಡ್ತೀರೋ ಅನ್ನೋದೊಂದೇ ಯೋಚ್ನೆ."

ಹೊನ್ನೇಶನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ. ಸಿಟ್ಟೂ ನಾಚಿಕೆಯೂ ಇಳಿದ ಮೇಲೆ ಉಳಿದದ್ದು ಬರೀ ಸುಸ್ತು, ಮೂರು ವಾರದ ಸುಸ್ತು. ಹೊಲಿಗೆ ಮಾಯ್ದಿದೆ ಎಂಬ ಮಾತು ಆಗ ತಾನೇ ಅವನ ತಲೆಗೆ ಹೋಯಿತು. ಹೆಂಡತಿಯ ಭುಜಕ್ಕೆ ತಲೆ ಆನಿಸಿ, ಊರು ಬರುವವರೆಗೂ ನಿದ್ದೆ ಮಾಡಿದ.

ಮರುದಿನ ಹಾಲಮ್ಮಜ್ಜಿ ಕೆರೆಯ ಏರಿಗೆ ಎಮ್ಮೆ ಹೊಡೆದುಕೊಂಡು ಬಂದಾಗ ಹೊನ್ನೇಶ ಆಗಲೇ ಹೊಂಗೆ ನೆರಳಿನಲ್ಲಿದ್ದ. ಹುಳ ಸಿಕ್ಕಿಸಿ ಗಾಳ ನೀರಿಗೆ ಬಿಟ್ಟು, ಕೋಲನ್ನು ನೆಲಕ್ಕೆ ಊರಿ, ಟವೆಲ್ ಹಾಸಿ ಮಲಗಿದ್ದ. ಎತ್ತಿ ನೋಡಲಿಲ್ಲ, ಸರಿಸಲಿಲ್ಲ, ಇಣುಕಲಿಲ್ಲ. ಗೊರಕೆ ಮಾತ್ರ ಸಣ್ಣಗೆ ಕೇಳುತ್ತಿತ್ತು. ಒಂದು ಗಂಟೆ ಕಳೆಯಿತು. ಬೆಂಡು ಒಮ್ಮೆ ನಡುಗಿತು. ಇನ್ನೊಮ್ಮೆ ನಡುಗಿತು. ಆಮೇಲೆ ಗುಳುಕ್ಕೆಂದು ಪೂರ್ತಿ ಮುಳುಗಿ, ಬಿದಿರು ಕೋಲು ಬಿಲ್ಲಿನಂತೆ ಬಗ್ಗಿತು.

"ಲೇ ಹೊನ್ನೇಶಾ, ಏಳೋ! ಕಚ್ಚೈತೆ ಕಣೋ! ದೊಡ್ಡದೈತೆ! ಎಳ್ಯೋ ಬೇಗ!" ಎಂದು ಹಾಲಮ್ಮಜ್ಜಿ ಕಿರುಚಿದಳು.

ಹೊನ್ನೇಶ ಕಣ್ಣು ಬಿಡಲಿಲ್ಲ. ಆ ಕಡೆ ಮಗ್ಗುಲಾಗಿ, ಟವೆಲ್ಲಿನ ತುದಿಯನ್ನು ಮುಖಕ್ಕೆ ಎಳೆದುಕೊಂಡ.

"ಸುಮ್ಕಿರಜ್ಜಿ. ಇನ್ನೂ ಹದಿನೈದು ದಿನ ಮೀನು ಸಿಗಬಾರ್ದು ಅಂತ ಡಾಕ್ಟ್ರೇ ಬರ್ಕೊಟ್ಟವ್ರೆ!"