ಚಿಕ್ಕಪ್ಪನ ತೊಡೆಯ ಮೇಲಿನ ಎಲುಬು

ನನ್ನ ಚಿಕ್ಕಪ್ಪನಿಗೆ ಇಡೀ ಕೋಲಾರ ಜಿಲ್ಲೆಯ ಮೇಲೆ ಒಂದು ದೊಡ್ಡ ದೂರಿತ್ತು. ಇಲ್ಲಿ ಯಾರೂ ಸರಿಯಾದ ಕಾಲದಲ್ಲಿ ಸತ್ತಿಲ್ಲ ಎಂಬುದೇ ಆ ದೂರು!

ಗಾಬರಿಯಾಗಬೇಡಿ. ಅವರು ಡೈನೊಸಾರ್ ಪಂಡಿತರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸತ್ತ ಮೊಸಳೆ, ಆಮೆ, ಡೈನೊಸಾರ್‌ಗಳ ಎಲುಬು ಹುಡುಕುವುದು ಅವರ ಉದ್ಯೋಗ. ಸಂಬಳ ಹೈದರಾಬಾದಿನಲ್ಲಿ, ವರ್ಷದ ಅರ್ಧ ಕಾಲ ವಾಸ ಗೋದಾವರಿ ಕಣಿವೆಯ ಡೇರೆಯಲ್ಲಿ. ಅಂಥವರು ಹುಟ್ಟಿದ್ದು ಮಾತ್ರ ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ. ನಮ್ಮ ಸೀಮೆಯ ಬಂಡೆಗಳೋ, ಅವರೇ ಹೇಳುವಂತೆ, ಭೂಮಿಯ ಮೇಲೆ ಎಲುಬಿರುವ ಪ್ರಾಣಿ ಹುಟ್ಟುವುದಕ್ಕಿಂತ ಬಹಳ ಬಹಳ ಮೊದಲಿನವು. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ನಿಂತು, ಸುತ್ತಲ ಗುಡ್ಡಗಳನ್ನು ನೋಡಿ, ಇಷ್ಟು ಕಲ್ಲಿದ್ದರೂ ಒಂದು ಹಲ್ಲಿಯ ಬಾಲಕ್ಕೂ ಗತಿಯಿಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು. ಊರಿಗೆ ಬಂದವರು ರಾಗಿ ಹೇಗಿದೆ, ಹಿಪ್ಪುನೇರಳೆ ಸೊಪ್ಪು ಹೇಗಿದೆ ಎಂದು ವಿಚಾರಿಸುವುದು ಪದ್ಧತಿ. ಇವರು ಬಂಡೆಗಳನ್ನು ಬೈದುಕೊಂಡು ಓಡಾಡುತ್ತಿದ್ದರು.

ಇದನ್ನೆಲ್ಲ ಹೇಳಿದರೆ ಕೇಳಿದವರು ನಗುತ್ತಾರೆ, ಎಂಥ ಸೊಗಸಾದ ಮನುಷ್ಯ ಎನ್ನುತ್ತಾರೆ. ಅನ್ನಲಿ. ಆ ದಿನ ಅವರ ಪಕ್ಕದಲ್ಲಿ ಕೂತಿದ್ದವನು ನಾನು. ಇವತ್ತಿಗೂ ಬಸ್ಸು ನಡುದಾರಿಯಲ್ಲಿ ನಿಂತರೆ ನಾನು ಕೆಳಗಿಳಿಯುವುದಿಲ್ಲ. ಸೊಗಸಂತೆ ಸೊಗಸು!

ಮೊದಲು ಅವರ ನಾಲಿಗೆಯ ವಿಷಯ ಹೇಳಬೇಕು. ಚಿಕ್ಕಪ್ಪ ಕಲ್ಲು ನೆಕ್ಕುತ್ತಿದ್ದರು. ಕಲ್ಲಾಗಿ ಹೋದ ಎಲುಬಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವಂತೆ, ಆದ್ದರಿಂದ ಅದು ನಾಲಿಗೆಗೆ ಅಂಟುತ್ತದಂತೆ, ಬರೀ ಕಲ್ಲು ಅಂಟುವುದಿಲ್ಲವಂತೆ. ಕಣಿವೆಯಲ್ಲಿ ಏನು ಬೇಕಾದರೂ ನೆಕ್ಕಲಿ, ಕೇಳುವವರಾರು? ಆದರೆ ಮಾಲೂರಿಗೆ ಹೆಣ್ಣು ನೋಡಲು ಹೋದಾಗಲೂ ನೆಕ್ಕಬೇಕೆ? ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಇವರು ಗೋಡೆಯ ಗೂಡಿನಲ್ಲಿದ್ದ ಬೆಳ್ಳಗಿನ ಗಟ್ಟಿಯೊಂದನ್ನು ತೆಗೆದು, ತಿರುಗಿಸಿ ನೋಡಿ, ನಾಲಿಗೆಗೆ ಹಚ್ಚಿದರು. ಮುಖ ಅರಳಿತು. "ಅಂಟುತ್ತೆ" ಎಂದು ಸಭೆಗೆ ಸಾರಿದರು. ಅದು ಆ ಮನೆಯ ಯಜಮಾನರ ವಿಭೂತಿ ಗಟ್ಟಿ! ನನ್ನ ತಂದೆ ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು. ಯಜಮಾನರು ಮಾತ್ರ ಹುಡುಗನ ದೈವಭಕ್ತಿಗೆ ಮೆಚ್ಚಿ ಅಲ್ಲೇ ಮಾತು ಕೊಟ್ಟರು. "ಅಪ್ಪನಿಗೆ ಭಕ್ತಿ ಕಾಣಿಸ್ತು, ನನಗೆ ಹಸಿವು ಕಾಣಿಸ್ತು" ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ.

ಎರಡನೆಯದು ಅವರ ಗಾರೆ ಕೆಲಸ. ನೆಲದಲ್ಲಿ ಸಿಕ್ಕ ಎಲುಬು ಬಿರುಕು ಬಿಟ್ಟಿರುತ್ತದೆ. ಹಾಗೇ ಎತ್ತಿದರೆ ಪುಡಿ. ಅದಕ್ಕೇ ಅದರ ಸುತ್ತ ಗೋಣಿಪಟ್ಟಿ, ಬಟ್ಟೆ ಸುತ್ತಿ, ಮುರಿದ ಕಾಲಿಗೆ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ, ಆ ಪ್ಲಾಸ್ಟರ್ ಬಳಿದು, ಒಣಗಿಸಿ, ಹಾಗೇ ಇಡಿಯಾಗಿ ಹೊತ್ತು ತರುತ್ತಾರೆ. ಒಮ್ಮೆ ರಜೆಯಲ್ಲಿ ಬಂದಾಗ ಕೈ ಸುಮ್ಮನಿರದೆ, ಹೊಸ ಬಗೆಯ ಪಟ್ಟಿಯನ್ನು ಪರೀಕ್ಷಿಸಲು ಅಟ್ಟದ ಮೇಲಿದ್ದ ಕುಂಬಳಕಾಯಿಗೆ ಪ್ಲಾಸ್ಟರ್ ಹಾಕಿ ಹೊರಟುಹೋದರು. ತಾತನ ತಿಥಿಯ ದಿನ ಅಜ್ಜಿ ಅದನ್ನು ಈಳಿಗೆಮಣೆಗೆ ಕೊಟ್ಟರು. ಈಳಿಗೆ ಸೋತಿತು. ಮಚ್ಚು ತಂದರು, ಮಚ್ಚಿನ ಹಿಡಿ ಕಳಚಿತು. ಕೊನೆಗೆ ನಮ್ಮಪ್ಪ ಹಾರೆಯಿಂದ ಒಡೆದಾಗ ಒಳಗಿನ ಕುಂಬಳಕಾಯಿ ನೀರಾಗಿತ್ತು. ಅಜ್ಜಿ ಮಗನನ್ನು ಬಯ್ಯಲಿಲ್ಲ. ಹೈದರಾಬಾದಿನಲ್ಲಿ ಕುಂಬಳಕಾಯಿಗೂ ಆಸ್ಪತ್ರೆ ಇರಬೇಕು ಎಂದುಕೊಂಡು ಸುಮ್ಮನಾದರು.

ಇಷ್ಟಕ್ಕೇ ನಿಂತಿದ್ದರೆ ನಾನೂ ನಗುವವರ ಜೊತೆ ಸೇರುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕೋಲಾರದಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಸಾಮಾನು ಭಾರ ಇದೆ, ಗಡಿಯಾಚೆ ಆಂಧ್ರದ ಪುಂಗನೂರಿಗೆ ಬಂದು ಕರೆದುಕೊಂಡು ಹೋಗು ಎಂದು ಚಿಕ್ಕಪ್ಪ ಹೇಳಿ ಕಳಿಸಿದ್ದರು. ಹೋಗಿ ನೋಡಿದರೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಎರಡು ವರ್ಷದ ಮಗುವಿನಷ್ಟು ಉದ್ದದ ಬಿಳಿ ಗಂಟೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾರೆ. ಬಸ್ಸು ಹತ್ತಿದ ಮೇಲೂ ಅದನ್ನು ಕೆಳಗಿಡಲಿಲ್ಲ. ಹಿಂದೊಮ್ಮೆ ರೈಲ್ವೆ ಪಾರ್ಸೆಲ್ಲಿನಲ್ಲಿ ಕಳಿಸಿದ ಎಲುಬು ಹಿಟ್ಟಾಗಿ ತಲುಪಿತ್ತಂತೆ. ಆದ್ದರಿಂದ ಇದು ತೊಡೆಯ ಮೇಲೇ ಬೆಂಗಳೂರು ಸೇರಬೇಕು. ಅಲ್ಲಿ ಅವರ ಸ್ನೇಹಿತರೊಬ್ಬರ ಬಳಿ ಪ್ಲಾಸ್ಟರ್ ಬಿಡಿಸಿ, ಬಿರುಕಿಗೆಲ್ಲ ಅಂಟು ಕುಡಿಸುವ ಸಲಕರಣೆಗಳಿದ್ದವು.

ಅದು ಉದ್ದ ಕತ್ತಿನ, ಸೊಪ್ಪು ತಿನ್ನುವ ಡೈನೊಸಾರಿನ ಮರಿಯ ಕಾಲಿನ ಎಲುಬು. ದೊಡ್ಡವುಗಳದ್ದು ಎಲ್ಲರಿಗೂ ಸಿಗುತ್ತದೆ, ಮರಿಯದು ಸಿಗುವುದಿಲ್ಲ, ಅಷ್ಟು ದೊಡ್ಡ ಪ್ರಾಣಿ ಹೇಗೆ ಬೆಳೆಯುತ್ತಿತ್ತು ಎಂಬುದಕ್ಕೆ ಇದೊಂದೇ ಸಾಕ್ಷಿ ಎಂದು ದಾರಿಯುದ್ದಕ್ಕೂ ಹೇಳಿದರು. ಕೆಲಸಕ್ಕೆ ಸೇರಿದಂದಿನಿಂದ ಹುಡುಕಿದ್ದು ಇದನ್ನೇ. ಬಸ್ಸು ಕುಲುಕಿದಾಗಲೆಲ್ಲ ಅದರ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು.

ಗಡಿ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಟೈರು ಪಂಕ್ಚರ್. ಬದಲಿ ಟೈರಿನಲ್ಲೂ ಗಾಳಿ ಇರಲಿಲ್ಲ. ಕಂಡಕ್ಟರು ಅದನ್ನು ಲಾರಿಯೊಂದಕ್ಕೆ ಹೇರಿಕೊಂಡು ಮುಂದಿನ ಊರಿಗೆ ಹೋದ. ನಾವು ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಕೂತೆವು. ಪಕ್ಕದ ಹಳ್ಳಕ್ಕೆ ಹೊಸ ಸೇತುವೆ ಕಟ್ಟುತ್ತಿದ್ದರು. ಅದಕ್ಕೆಂದು ತಂದ ಜಲ್ಲಿಯ ರಾಶಿ ನಮ್ಮ ಕಾಲಬುಡದವರೆಗೂ ಹರಡಿತ್ತು. ಹೊಸ ಸೇತುವೆ ನಿಲ್ಲಬೇಕಾದರೆ ಮಗುವಿನ ಬಲಿ ಕೊಡುತ್ತಾರೆ, ಅದಕ್ಕೇ ಮಕ್ಕಳನ್ನು ಕದಿಯುವವರು ತಿರುಗಾಡುತ್ತಿದ್ದಾರೆ ಎಂಬ ಸುದ್ದಿ ಆ ವರ್ಷ ನಮ್ಮ ಕಡೆಯೆಲ್ಲ ಹಬ್ಬಿತ್ತು. ಹಳ್ಳದಾಚೆಯ ಊರಿನಲ್ಲಿ ಬೆಳಗಿನಿಂದ ಒಂದು ಹೆಣ್ಣುಮಗು ಕಾಣೆಯಾಗಿತ್ತು ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ಬಿಸಿಲು ತಾಗದಿರಲೆಂದು ಗಂಟಿನ ಮೇಲೆ ಟವೆಲ್ ಹೊದಿಸಿ, ತಟ್ಟುತ್ತಾ ಕೂತಿದ್ದರು. ನೀರಿಗೆ ಬಂದ ಹೆಂಗಸರು ನೋಡಿ, ಕೊಡ ಅಲ್ಲೇ ಬಿಟ್ಟು ಓಡಿದರು.

ಹತ್ತು ನಿಮಿಷ ಕಳೆಯುವುದರೊಳಗೆ ಗಂಡಸರು ಬಂದರು. ಕೈಯಲ್ಲಿ ದೊಣ್ಣೆ, ಗುದ್ದಲಿ, ಬಾರುಕೋಲು. ಎಲ್ಲರಿಗೂ ಮುಂದೆ ತಲೆಗೆ ಕೆಂಪು ವಸ್ತ್ರ ಸುತ್ತಿದವನೊಬ್ಬ.

"ಏನ್ ಸಾಮಿ ಅದು, ತೊಡೆ ಮ್ಯಾಲೆ?"

ಬೇರೆ ಯಾರಾದರೂ ಆಗಿದ್ದರೆ ಕಲ್ಲು ಎನ್ನುತ್ತಿದ್ದರು, ಬೊಂಬೆ ಎನ್ನುತ್ತಿದ್ದರು, ಹಲಸಿನಹಣ್ಣು ಎನ್ನುತ್ತಿದ್ದರು. ನಮ್ಮ ಪಂಡಿತರು ಕನ್ನಡಕ ಸರಿಮಾಡಿಕೊಂಡು, "ಎಲುಬು" ಎಂದರು.

"ಯಾರ್ದು?"

"ಮರೀದು. ಇನ್ನೂ ಪೂರ್ತಿ ಬೆಳೆದಿರ್ಲಿಲ್ಲ."

ಹೇಳಿ, ಇಂಥ ಮನುಷ್ಯನ ಮೇಲೆ ಕೋಪ ಬಾರದೆ ಏನು ಬರಬೇಕು? ಬಿಚ್ಚು ಎಂದು ಅವನು ಗದರಿಸಿದ. ಇಲ್ಲಿ ಬಿಚ್ಚಲಾಗುವುದಿಲ್ಲ, ಬೆಂಗಳೂರಿಗೆ ತೆಗೆದುಕೊಂಡು ಹೋಗಿಯೇ ಬಿಚ್ಚಬೇಕು ಎಂದರು ಇವರು. ಸತ್ಯಕ್ಕೂ ಒಂದು ಹೊತ್ತು ಗೊತ್ತು ಬೇಡವೆ? ಸರ್ಕಾರಿ ಗುರುತಿನ ಚೀಟಿ ತೋರಿಸಿದರು. ಕೆಂಪು ವಸ್ತ್ರದವನು ಅದನ್ನು ನೋಡದೆಯೇ ಹಿಂದಕ್ಕೆ ಎಸೆದ. ಸೇತುವೆ ಕಟ್ಟಿಸುತ್ತಿದ್ದವರೂ ಸರ್ಕಾರದವರೇ ಅಲ್ಲವೆ! ನಾನು ಗೊತ್ತಿದ್ದ ಕನ್ನಡ, ತೆಲುಗು ಎಲ್ಲ ಸೇರಿಸಿ, ನಾವು ಬೈರಕೂರಿನವರು, ಇಂಥವರ ಮನೆಯವರು ಎಂದು ಕೂಗಿದೆ. ನನ್ನ ಕುತ್ತಿಗೆಪಟ್ಟಿ ಯಾರದೋ ಮುಷ್ಟಿಯಲ್ಲಿತ್ತು. ಅಂಗಿಯ ಗುಂಡಿಗಳು ಹಾರಿಹೋದವು. ಡ್ರೈವರೂ ಉಳಿದ ಪ್ರಯಾಣಿಕರೂ ಬಸ್ಸಿನ ಹಿಂದೆ ಸರಿದು ಮರೆಯಾದರು.

ಮೊದಲ ಏಟು ಚಿಕ್ಕಪ್ಪನ ಹೆಗಲಿಗೆ ಬಿತ್ತು. ಕನ್ನಡಕ ಹಾರಿ ಧೂಳಿಗೆ ಬಿತ್ತು. ಅವರು ಕೈ ಎತ್ತಲಿಲ್ಲ. ಗಂಟಿನ ಮೇಲೆ ಬೋರಲಾಗಿ ಬಾಗಿ, ಬೆನ್ನು ಒಡ್ಡಿದರು. ಎರಡನೆಯದೂ ಬಿತ್ತು. ಇವರನ್ನು ಬಸ್ಸಿನೊಳಕ್ಕೆ ಹಾಕಿ ಬೆಂಕಿ ಇಡ್ರೋ ಎಂದು ಹಿಂದಿನಿಂದ ಯಾರೋ ಅಂದರು. ಕೂಗಿ ಹೇಳಿದ ಮಾತಲ್ಲ ಅದು. ಎತ್ತಿಗೆ ಮೇವು ಹಾಕ್ರೋ ಎನ್ನುವ ದನಿ. ಇವತ್ತಿಗೂ ನನ್ನ ಕಿವಿಯಿಂದ ಹೋಗದೇ ಇರುವುದು ಆ ದನಿ.

"ಒಡೆದ್ಬಿಡಿ ಚಿಕ್ಕಪ್ಪ, ಸಾಯಿಸ್ತಾರೆ."

"ಇನ್ನೊಂದು ಸಿಗಲ್ಲ ಕಣೋ."

ನಾನೇ ಒಡೆಯೋಣವೆಂದು ಅವರ ಚೀಲದಿಂದ ಸುತ್ತಿಗೆ ಎಳೆದುಕೊಂಡೆ. ಅವರು ಅದರ ಹಿಡಿಯನ್ನು ಕಚ್ಚಿ ಹಿಡಿದರು, ಸುಳ್ಳಲ್ಲ, ಹಲ್ಲಿನಿಂದಲೇ! ಎಂದೋ ಸತ್ತ ಮರಿಗಾಗಿ ಬದುಕಿರುವ ಅಣ್ಣನ ಮಗನನ್ನು ಸುಡಿಸಲು ಕೂತ ಆ ಮನುಷ್ಯನನ್ನು ಆ ಕ್ಷಣದಲ್ಲಿ ನಾನು ಆ ದೊಣ್ಣೆಯವರಿಗಿಂತ ಹೆಚ್ಚು ದ್ವೇಷಿಸಿದೆ.

ಆಗ ಗುಂಪು ಸ್ವಲ್ಪ ಸರಿಯಿತು. ಒಬ್ಬ ಹೆಂಗಸು ಬಂದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿದ್ದಳೆಂದು ಕಾಣುತ್ತದೆ. ಕೈಯಲ್ಲಿ ಪುಟ್ಟ ಲಂಗವೊಂದಿತ್ತು. ಚಿಕ್ಕಪ್ಪನ ಎದುರು ಕುಕ್ಕುರುಗಾಲಲ್ಲಿ ಕೂತು, ಬಿಳಿ ಗಂಟಿನ ಉದ್ದವನ್ನು ಕಣ್ಣಲ್ಲೇ ಅಳೆದಳು.

"ಸಾಮೀ, ಒಳ್ಗೆ ನನ್ ಮಗ ಅವ್ಳಾ?"

ನಮ್ಮ ಕಡೆ ಹೆಣ್ಣುಮಗುವನ್ನೂ ಮುದ್ದಿಗೆ ಮಗ ಎನ್ನುತ್ತಾರೆ. ಚಿಕ್ಕಪ್ಪ ತಲೆ ಎತ್ತಿದರು. ಕನ್ನಡಕವಿಲ್ಲದ ಕಣ್ಣುಗಳಿಂದ ಅವಳನ್ನು ನೋಡಿದರು, ಲಂಗವನ್ನು ನೋಡಿದರು. "ಇಲ್ಲ ತಾಯಿ" ಎಂದರು. ಅಷ್ಟು ಹೇಳಿದರೆ ಅವಳಿಗೆ ಸಾಲದು ಎಂದು ಅವರಿಗೇ ಗೊತ್ತಾಗಿರಬೇಕು. ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು, ಗಂಟನ್ನು ನೆಲಕ್ಕಿಳಿಸಿ, ನಡುಮಧ್ಯಕ್ಕೆ ಹೊಡೆದರು. ಮತ್ತೆ ಹೊಡೆದರು. ಪ್ಲಾಸ್ಟರ್ ಬಿರಿಯಿತು, ಗೋಣಿ ಹರಿಯಿತು, ಒಳಗಿದ್ದ ಕಂದು ಬಣ್ಣದ ಎಲುಬು ಅವರ ಕಣ್ಣೆದುರಿಗೇ ಚೂರುಚೂರಾಗಿ ಜಲ್ಲಿ ರಾಶಿಯ ಮೇಲೆ ಸುರಿಯಿತು. ಒಂದು ಚೂರನ್ನು ಅವಳ ಅಂಗೈಯಲ್ಲಿಟ್ಟು, "ನೋಡಮ್ಮ, ಯಾರೂ ಇಲ್ಲ" ಎಂದರು.

ಅವಳು ಅದನ್ನು ಬಹಳ ಹೊತ್ತು ಮುಟ್ಟಿ ನೋಡಿದಳು. ಕೆಂಪು ವಸ್ತ್ರದವನು ಇನ್ನೊಂದು ಚೂರನ್ನು ಕಾಲಿನಿಂದ ಒದ್ದು, "ಕಲ್ಲಿಗೋಸ್ಕರ ಏಟ್ ತಿಂತಾ ಕುಂತಿದ್ನಲ್ಲೋ, ಇದ್ಯಾವ್ ಪಿಚ್ಚೋಡೋ" ಎಂದ. ಪಿಚ್ಚೋಡು ಎಂದರೆ ತೆಲುಗಿನಲ್ಲಿ ಹುಚ್ಚ. ಆ ದಿನ ಅವನಾಡಿದ ಮಾತುಗಳಲ್ಲಿ ನಾನು ಒಪ್ಪಿದ್ದು ಅದೊಂದನ್ನೇ.

ಕ್ಷಮಿಸಿ ಎಂದು ಯಾರೂ ಅನ್ನಲಿಲ್ಲ. ದೊಣ್ಣೆ ಹಿಡಿದವರು ಅದೇ ದೊಣ್ಣೆಯಿಂದ ಪೊದೆ ಬಡಿಯುತ್ತಾ ಮಗುವನ್ನು ಹುಡುಕಲು ಹೊರಟರು. ಇವರಾದರೂ ಸುಮ್ಮನೆ ಕೂರಬಾರದೆ? ಊದಿದ ಹೆಗಲನ್ನು ಹಿಡಿದುಕೊಂಡು, ಹಳ್ಳದ ಕಡೆ ನಾನು ನೋಡ್ತೀನಿ ಎಂದು ಅವರ ಜೊತೆಗೇ ನಡೆದರು! ನಾನು ಹೋಗಲಿಲ್ಲ. ಧೂಳಿನಿಂದ ಕನ್ನಡಕ ಹೆಕ್ಕಿ ಒರೆಸುತ್ತಾ, ಗೊತ್ತಿದ್ದ ಬೈಗುಳವನ್ನೆಲ್ಲ ಒಂದೊಂದಾಗಿ ಬೈಯುತ್ತಾ ಕೂತೆ.

ಮಗು ಸಿಕ್ಕಿದ್ದು ಯಾರದೋ ರೇಷ್ಮೆ ಮನೆಯಲ್ಲಿ. ಹುಳು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಅವುಗಳ ಹಿಂದೆ ತಂಪಿನಲ್ಲಿ ಮಲಗಿ ನಿದ್ದೆ ಹೋಗಿತ್ತು. ಎಬ್ಬಿಸಿದ್ದಕ್ಕೆ ಅಳುತ್ತಿತ್ತಂತೆ.

ಟೈರು ಬಂತು, ಚಿಕ್ಕಪ್ಪನೂ ಬಂದರು. ಬಸ್ಸು ಹತ್ತಿ ಕೂತಾಗ ಆ ಹೆಂಗಸು ಕಿಟಕಿಯ ಬಳಿಗೆ ಓಡಿ ಬಂದಳು. ಸೊಂಟದ ಮೇಲೆ ಮಗು. ಇನ್ನೊಂದು ಕೈಯಲ್ಲಿ ಸೆರಗಿನ ಗಂಟು, ಭಾರಕ್ಕೆ ಜೋಲುತ್ತಿತ್ತು.

"ಎಲ್ಲಾ ಆಯ್ಕೊಂಡ್ ಬಂದಿವ್ನಿ ಸಾಮಿ, ಒಂದೂ ಬಿಟ್ಟಿಲ್ಲ. ಕೂಡುಸ್ಕೊಳ್ಳಿ."

"ಕೂಡಿಸ್ಕೋತೀನಿ ಕಣಮ್ಮ" ಎಂದು ಚಿಕ್ಕಪ್ಪ ಟವೆಲ್ ಒಡ್ಡಿದರು. ಅವಳು ಕಿಟಕಿಯಿಂದಲೇ ಎಲ್ಲವನ್ನೂ ಸುರಿದಳು. ಮಗುವಿನ ಕೈಗಳನ್ನು ಜೋಡಿಸಿ ಅವರಿಗೆ ನಮಸ್ಕಾರ ಮಾಡಿಸಿದಳು.

ಬಸ್ಸು ಹೊರಟಿತು. ನಾನು ಟವೆಲ್ಲಿನೊಳಕ್ಕೆ ಇಣುಕಿದೆ. ಅರ್ಧಕ್ಕಿಂತ ಹೆಚ್ಚು ಸೇತುವೆಗೆ ತಂದಿದ್ದ ಜಲ್ಲಿ, ಉಳಿದದ್ದು ಪುಡಿ. ನನಗೆ ಎಷ್ಟು ಉರಿಯಿತೆಂದರೆ, ಜಲ್ಲಿಯ ಒಂದು ದಪ್ಪ ತುಂಡನ್ನು ಎತ್ತಿ ಕಿಟಕಿಯಿಂದಾಚೆ ಎಸೆಯಲು ಕೈ ಚಾಚಿದೆ. ಚಿಕ್ಕಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡ ಕಣೋ. ಅವಳಿನ್ನೂ ನೋಡ್ತಾ ನಿಂತಿದ್ದಾಳೆ."