ಕಟ್ಟದ ಸ್ಟೇಡಿಯಂನ ಕಾಯಂ ಪ್ರೇಕ್ಷಕ

ಅಮೆರಿಕದಲ್ಲಿ ಬೇಸ್‌ಬಾಲ್ ಸ್ಟೇಡಿಯಂಗಳನ್ನು ನೋಡಿದವರು ಲಕ್ಷಗಟ್ಟಲೆ ಇರಬಹುದು. ಆದರೆ ಕಟ್ಟದೇ ಉಳಿದ ಸ್ಟೇಡಿಯಂಗಳನ್ನು ನನ್ನ ಮಾವನಷ್ಟು ಚೆನ್ನಾಗಿ ನೋಡಿದವರು ಇನ್ನೊಬ್ಬರಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಯಾವ ಗೇಟಿನಲ್ಲಿ ನೂಕುನುಗ್ಗಲು, ಯಾವ ಸಾಲಿನಲ್ಲಿ ಕೂತರೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಎಲ್ಲವೂ ಅವರಿಗೆ ಬಾಯಿಪಾಠ. ಒಮ್ಮೆ ಸಾರನ್ನ ಕಲಸುತ್ತ, "ಮೂರನೇ ಮಹಡೀಲಿ ಹೆಂಗಸರ ಟಾಯ್ಲೆಟ್ ಸಾಲದು ಪುಟ್ಟಿ. ನೀನು ಎರಡನೇದಕ್ಕೇ ಹೋಗ್ಬಿಡು" ಎಂದು ನನ್ನನ್ನು ಎಚ್ಚರಿಸಿದ್ದರು. ಎಲ್ಲಿಗೆ ಹೋಗಲಿ? ಆ ಸ್ಟೇಡಿಯಂ ಇದ್ದದ್ದು ಒಂದು ಹಳೆಯ ಪುಸ್ತಕದ ನಡುಪುಟದಲ್ಲಿ!

ಈ ಮಾವ ನನ್ನ ಅಮ್ಮನ ತಮ್ಮ. ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಡ್ರಾಯಿಂಗ್ ಬರೆದವರು. ರಿಸೆಷನ್ ಬಂತು, ಕಂಪನಿ ಮುಚ್ಚಿತು, ಮನೆ ಬ್ಯಾಂಕಿನ ಪಾಲಾಯಿತು. ಅತ್ತೆ ಅದಕ್ಕೂ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಅವರಿಗೆ ಮಕ್ಕಳಿಲ್ಲ. ಹೊಸ ಕೆಲಸ ಸಿಗುವವರೆಗೆ ಅಂತ ಮಾವ ಅಲ್ಲಿಂದ ಐದು ಗಂಟೆ ದಾರಿಯ ಗ್ಲೆಂಡೇಲ್ ಹೈಟ್ಸ್‌ನ ನನ್ನ ಅಪಾರ್ಟ್‌ಮೆಂಟಿಗೆ ಬಂದರು. ಬಾಡಿಗೆ ವ್ಯಾನಿನಿಂದ ಇಳಿದದ್ದು ಒಂದು ಸೂಟ್‌ಕೇಸು, ಒಂದು ಕುಕ್ಕರು ಮತ್ತು ಇಪ್ಪತ್ತಮೂರು ರಟ್ಟಿನ ಪೆಟ್ಟಿಗೆ.

"ಬಟ್ಟೆ ಎಲ್ಲಿ ಮಾವ?"

"ಸೂಟ್‌ಕೇಸಲ್ಲಿದೆಯಲ್ಲ."

"ಮತ್ತೆ ಪೆಟ್ಟಿಗೆಗಳಲ್ಲಿ?"

"ತಂಡಗಳು."

ಬೇಸ್‌ಬಾಲ್ ತಂಡಗಳು ವರ್ಷಕ್ಕೊಂದು ಪುಸ್ತಕ ತರುತ್ತವೆ. ಆಟಗಾರರ ಫೋಟೋ, ಅಂಕಿಅಂಶ, ಒಮ್ಮೊಮ್ಮೆ ನಡುಪುಟದಲ್ಲಿ ಮುಂದೆ ಕಟ್ಟಲಿರುವ ಸ್ಟೇಡಿಯಂನ ಬಣ್ಣದ ಚಿತ್ರ. ಅವುಗಳಲ್ಲಿ ಹಲವನ್ನು ಮುಂದೆ ಯಾರೂ ಕಟ್ಟುವುದಿಲ್ಲ, ಅದು ಬೇರೆ ಮಾತು. ಮಾವ ಈ ಪುಸ್ತಕಗಳನ್ನು ಕೂಡಿಸುತ್ತಿದ್ದರು. ಅದೂ ಹಳೆಯದು, ಬೇರೆಯವರು ಓದಿ ಬಿಟ್ಟದ್ದೇ ಆಗಬೇಕು! ಡೌನರ್ಸ್ ಗ್ರೋವ್‌ನ ಚರ್ಚೊಂದರ ನೆಲಮಾಳಿಗೆಯ ಪುಸ್ತಕ ಮಾರಾಟದಲ್ಲಿ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಸುತ್ತಿದ ಪ್ರತಿಯನ್ನು ಪ್ರೀತಿಯಿಂದ ಮುಂದೆ ಹಿಡಿದು, "ಇದನ್ನು ಯಾರೂ ತೆರೆದೇ ಇಲ್ಲ, ಇಟ್ಟುಕೊಳ್ಳಿ" ಎಂದರು. "ಯಾರೂ ತೆರೆಯದೇ ಇದ್ದರೆ ಅದರಲ್ಲಿ ಏನೋ ದೋಷ ಇರಬೇಕು" ಎಂದು ಮಾವ ಕೈಮುಗಿದರು. ಅವರಿಗೆ ಬೇಕಾಗಿದ್ದದ್ದು ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬರೆದ ಮಾತು. "ಕೇಳಿಲ್ಲಿ ಪುಟ್ಟಿ, 'ಅಪ್ಪ ಐದನೇ ಇನಿಂಗ್ಸಿಗೇ ನಿದ್ದೆ ಹೋದ' ಅಂತ ಬರ್ದಿದಾನೆ. ಪಾಪ, ರಾತ್ರಿ ಪಾಳಿ ಇತ್ತೋ ಏನೋ!" ಎಂದು ನಲವತ್ತು ವರ್ಷದ ಹಿಂದಿನ ಆ ಅಪ್ಪನಿಗಾಗಿ ಮರುಗುತ್ತಿದ್ದರು.

ನಾನು ಹೆಚ್ಚು ಮಾತಿನವಳಲ್ಲ. ಆದರೆ ಮಾವ ಬಂದ ಎರಡನೇ ತಿಂಗಳಲ್ಲಿ, ಪೆಟ್ಟಿಗೆಗೆ ಕಾಲ್ಬೆರಳು ಜಜ್ಜಿಕೊಂಡ ಸಿಟ್ಟಿನಲ್ಲಿ, ಮೈಸೂರಿನ ಅಮ್ಮನಿಗೆ ಫೋನಿನಲ್ಲಿ ಒಂದು ಮಾತು ಹೇಳಿದೆ: "ಕಾಲಿಡೋಕೂ ಜಾಗ ಇಲ್ಲ ಅಮ್ಮ, ಮನೆ ನಂದಾ ಅಂತ ಅನುಮಾನ ಬರ್ತಿದೆ." ಮಾವ ಅಡುಗೆಮನೆಯಲ್ಲಿದ್ದರು. ಮರುದಿನ ಕಾಫಿ ಕೊಡುತ್ತ, ಏನೂ ಕೇಳಿಸಿಕೊಳ್ಳದವರ ಹಾಗೆ, "ಈ ಪುಸ್ತಕ ಎಲ್ಲ ಮಾರಿಬಿಡ್ತೀನಿ ಪುಟ್ಟಿ. ದಸರಾ ಹೊತ್ತಿಗೆ ನಿನ್ನ ರೂಮು ಖಾಲಿ" ಎಂದರು. ಬೇಡ ಮಾವ ಅನ್ನಬೇಕಿತ್ತು. ನಾನು, "ಸಕ್ಕರೆ ಸ್ವಲ್ಪ ಕಡಿಮೆ ಆಯ್ತು" ಎಂದೆ.

ಅಂದಿನಿಂದ ಪ್ರತಿ ಶನಿವಾರ ಮಾವ ಮಾರಲು ಹೊರಟರು. ಹೋಗುವಾಗ ಐದು ಪುಸ್ತಕ, ಬರುವಾಗ ಆರು!

ಅಂಥ ಒಂದು ಶನಿವಾರ ಅವರ ಜೊತೆ ಇನ್ನೊಬ್ಬರು ಬಂದರು. ಡೆವನ್ ಅವೆನ್ಯೂನಲ್ಲಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರಿಗೂ ಇದೇ ಹುಚ್ಚು. ನಮ್ಮ ಊಟದ ಮೇಜಿನ ಮೇಲೆ ನಡುಪುಟ ಹರಡಿಕೊಂಡು ಇಬ್ಬರೂ ಕೂತರು.

"ಈ ಗೇಟಿನಲ್ಲಿ ನನ್ನ ಬಸ್ಸು ತಿರುಗೋದಿಲ್ಲ" ಎಂದರು ಡ್ರೈವರ್.

"ಯಾಕೆ ತಿರುಗಲ್ಲ? ನಿಧಾನಕ್ಕೆ ತಿರುಗಿಸಿ."

"ಮೂವತ್ತು ವರ್ಷ ತಿರುಗಿಸಿದವನು ನಾನೋ ನೀವೋ?"

ಮಾವ ಸ್ಕೇಲು ತಂದು ತಿರುವನ್ನು ಅಗಲ ಮಾಡಿದರು. ಆಗ ಹಾಟ್ ಡಾಗ್ ಅಂಗಡಿ ಮಾಯವಾಯಿತು. ಹಾಟ್ ಡಾಗ್ ಇಲ್ಲದ ಆಟಕ್ಕೆ ತಾನು ಬರುವುದೇ ಇಲ್ಲವೆಂದು ಡ್ರೈವರ್ ಎದ್ದು ಹೋದರು. ಜನ್ಮದಲ್ಲಿ ಮಾಂಸ ಮುಟ್ಟದ ನನ್ನ ಮಾವ ಆ ಅಂಗಡಿಗೆ ಬೇರೆ ಜಾಗ ಹುಡುಕುತ್ತ ಎರಡು ವಾರ ಕೊರಗಿದರು!

ಕೊನೆಗೆ, ಜಾಗಕ್ಕೇ ಹೋಗಿ ಅಳೆದು ನೋಡೋಣವೆಂದು ಇಬ್ಬರೂ ರಾಜಿಯಾದರು. ಆ ಸ್ಟೇಡಿಯಂ ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಬರಬೇಕಿತ್ತಂತೆ. ಈಗ ಅಲ್ಲಿ ಯಾವುದೋ ಗೋದಾಮಿನ ಪಾರ್ಕಿಂಗ್ ಲಾಟ್. ಇಬ್ಬರನ್ನೂ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಆಟಗಾರರು ಓಡಿ ಮುಟ್ಟುವ ನಾಲ್ಕು ಬೇಸುಗಳು ಎಲ್ಲೆಲ್ಲಿ ಬರುತ್ತಿದ್ದವೆಂದು ಟೇಪು ಹಿಡಿದು ಅಳೆಯುತ್ತಿದ್ದಾಗ ಸೆಕ್ಯೂರಿಟಿಯವನು ಬಂದ.

"ಸರ್, ಏನು ಕಳೆದುಹೋಗಿದೆ?"

"ಸೆಕೆಂಡ್ ಬೇಸ್" ಎಂದರು ಮಾವ.

ನಾನು ಕಾರಿನಲ್ಲಿ ಕೂತು ತಂಪು ಕನ್ನಡಕ ಹಾಕಿಕೊಂಡೆ. ಐದು ನಿಮಿಷ ಬಿಟ್ಟು ನೋಡಿದರೆ ಟೇಪಿನ ಇನ್ನೊಂದು ತುದಿ ಸೆಕ್ಯೂರಿಟಿಯವನ ಕೈಯಲ್ಲಿತ್ತು!

ವಾಪಸ್ಸು ಬರುವಾಗ ಮಾವ ಕಿಟಕಿಯ ಕಡೆ ನೋಡುತ್ತ ಹೇಳಿದರು. "ನಾನೂ ನಿನ್ನ ಅತ್ತೇನೂ ಹೋಗ್ತಿದ್ದ ಡೆಟ್ರಾಯಿಟ್ ಸ್ಟೇಡಿಯಂ ಕೆಡವಿದ್ರು. ಕಂಪನಿ ಮುಚ್ಚಿದ್ರು. ಕಟ್ಟದೇ ಇರೋದನ್ನ ಮಾತ್ರ ಯಾರೂ ಕೆಡವೋಕಾಗಲ್ಲ ನೋಡು." ಹಿಂದಿನ ಸೀಟಿನಲ್ಲಿ ಡ್ರೈವರ್ ನಿದ್ದೆ ಹೋಗಿದ್ದರು. ನಾನು ಹೆದ್ದಾರಿಯಿಂದ ಇಳಿಯಬೇಕಿದ್ದ ಎಕ್ಸಿಟ್ ದಾಟಿಬಿಟ್ಟೆ.

ಅತ್ತೆಗೆ ಬೇಸ್‌ಬಾಲ್ ತಿಳಿಯುತ್ತಿರಲಿಲ್ಲ. ಅವರಿಗೆ ತಿಳಿದಿದ್ದದ್ದು ಒಂದೇ, ಮನೆಯಲ್ಲಿರುವುದು ಪುಸ್ತಕ. ಪುಸ್ತಕ ಅಂದಮೇಲೆ ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಇಡಬೇಕು. ಪ್ರತಿ ವರ್ಷ ಅಷ್ಟನ್ನೂ ಸಾಲಾಗಿ ಜೋಡಿಸಿ, ಒಂದೊಂದರ ರಟ್ಟಿನ ಮೇಲೂ ಉಂಗುರಬೆರಳಲ್ಲಿ ಒಂದು ಕುಂಕುಮದ ಬೊಟ್ಟು. ಮಾವ ಲಬೋ ಲಬೋ ಎನ್ನುತ್ತಿದ್ದರು. "ಕಂಡಿಷನ್ ಹೋಯ್ತಲ್ಲೇ!" ಅತ್ತೆ ತಲೆಯೆತ್ತದೆ, "ಯಾರಿಗೆ ಮಾರ್ಬೇಕು ಅಂತಿದೀರಿ?" ಎನ್ನುತ್ತಿದ್ದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಬೇಸ್‌ಬಾಲಿನ ಕೊನೆಯ ಪಂದ್ಯಗಳು ಬರುವುದೂ ಆ ದಿನಗಳಲ್ಲೇ! ಟೀವಿಯಲ್ಲಿ ಆಟ ನಡೆಯುತ್ತಿದ್ದರೆ ಈ ಮನುಷ್ಯ ದೇವರ ಮುಂದೆ ಕೈಮುಗಿದು, ಕತ್ತು ಓರೆ ಮಾಡಿ, ಅರ್ಧ ತೆರೆದುಕೊಂಡ ಪುಸ್ತಕದೊಳಗಿನ ಅಂಕಿಗಳನ್ನು ಓದಲು ನೋಡುತ್ತಿದ್ದದ್ದನ್ನು, ಹಬ್ಬಕ್ಕೆ ಅವರ ಮನೆಗೆ ಹೋದಾಗ ನಾನೇ ಕಂಡಿದ್ದೇನೆ.

ದಸರೆಗೆ ಒಂದು ವಾರವಿದ್ದಾಗ ಹಳೆಯ ಪುಸ್ತಕದ ವ್ಯಾಪಾರಿಯೊಬ್ಬ ಮನೆಗೇ ಬಂದ. ಒಂದು ಪೆಟ್ಟಿಗೆ ತೆರೆದ, ಇನ್ನೊಂದು ತೆರೆದ. ಹುಬ್ಬು ಗಂಟಿಕ್ಕಿದ.

"ಎಲ್ಲದರ ಮೇಲೂ ಈ ಕೆಂಪು ಕಲೆ ಏನು?"

ಮಾವ ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡರು. ಆಮೇಲೆ, "ಅದು ನನ್ನ ಹೆಂಡತಿ" ಎಂದರು.

ಅವನಿಗೆ ಅರ್ಥವಾಗಲಿಲ್ಲ. ಕಲೆಯಿದ್ದದ್ದು ಬೇಡವೆಂದ. ಕಲೆಯಿಲ್ಲದ ಹದಿನಾಲ್ಕನ್ನು ಬೇರೆ ಮಾಡಿಟ್ಟು, ಮುಂದಿನ ಶನಿವಾರ ಬಂದು ಒಯ್ಯುತ್ತೇನೆಂದು ಹೇಳಿ ಹೋದ. ಆ ಹದಿನಾಲ್ಕೂ ಅತ್ತೆ ಹೋದಮೇಲೆ ಮಾವ ಕೊಂಡಂಥವು.

"ಒಳ್ಳೇದಾಯ್ತು ಬಿಡು" ಎಂದರು ಮಾವ. "ಅಷ್ಟಾದ್ರೂ ಹೋಗುತ್ತಲ್ಲ. ಅವನು ಒಯ್ದಮೇಲೆ, ಉಳಿದದ್ದನ್ನ ಸೋಮವಾರ ರೀಸೈಕಲ್ ಡಬ್ಬಕ್ಕೆ ಹಾಕ್ತೀನಿ." ತಮಾಷೆಯ ದನಿಯಲ್ಲೇ ಹೇಳಿದರು. ಅಂದು ಸಂಜೆ ಪೆಟ್ಟಿಗೆಗಳಿಗೆ ಒಂದೊಂದಾಗಿ ಟೇಪು ಸುತ್ತುವ ಸದ್ದು ನನಗೆ ಕೇಳುತ್ತಿತ್ತು. ಕ್ಷಮಿಸಿ ಎನ್ನುವುದು ನನಗೆ ಬರೆಯಲು ಸುಲಭ, ಹೇಳಲು ಕಷ್ಟ.

ಶುಕ್ರವಾರ ಸರಸ್ವತಿ ಪೂಜೆ. ನನ್ನ ಮನೆಯಲ್ಲಿ ಹಣೆಗಂಟಿಸುವ ಸ್ಟಿಕ್ಕರ್ ಇತ್ತೇ ಹೊರತು ಕುಂಕುಮ ಇರಲಿಲ್ಲ. ಆಫೀಸಿನಿಂದ ನೇರ ಡೆವನ್‌ನ ಇಂಡಿಯನ್ ಅಂಗಡಿಗೆ ಹೋದೆ. ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ, ಪಾರ್ಕಿಂಗ್ ಹುಡುಕಲು ಇನ್ನರ್ಧ ಗಂಟೆ, ಕೊಂಡದ್ದು ಒಂದು ಪುಟ್ಟ ಕುಂಕುಮದ ಪೊಟ್ಟಣ. ಮನೆಗೆ ಬಂದು, ಬಾಗಿಲ ಬಳಿ ಕಟ್ಟಿಟ್ಟಿದ್ದ ಹದಿನಾಲ್ಕನ್ನೂ ಬಿಚ್ಚಿ, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿ ದೀಪ ಹಚ್ಚಿದೆ.

"ಮಾವ, ಪುಸ್ತಕ ಪೂಜೆಗಿಟ್ಟಿದೀನಿ. ನಾಳೆ ಯಾರು ಬಂದರೂ ಎತ್ತೋ ಹಾಗಿಲ್ಲ. ಆ ಪೆಟ್ಟಿಗೆಗಳೂ ಎಲ್ಲೂ ಹೋಗಲ್ಲ."

ಮಾವ ಬಂದು ನಿಂತರು. ನಾನು ಕುಂಕುಮದ ಬಟ್ಟಲನ್ನು ಮುಂದೆ ಹಿಡಿದೆ. ಅವರು ಉಂಗುರಬೆರಳನ್ನು ಅದ್ದಿ, ಮೊದಲ ಪುಸ್ತಕದ ಮೇಲೆ ಒಂದು ಬೊಟ್ಟಿಟ್ಟರು. ಅದು ಎಂಟಾಣೆಯಷ್ಟು ದೊಡ್ಡದಾಯಿತು.

"ಕಂಡಿಷನ್ ಹೋಯ್ತಲ್ಲ ಮಾವ" ಎಂದೆ.

ಮಾವ ತಲೆಯೆತ್ತಲಿಲ್ಲ. ಎರಡನೆಯದಕ್ಕೆ ಬೊಟ್ಟಿಡುತ್ತ ಹೇಳಿದರು, "ಯಾರಿಗೆ ಮಾರ್ಬೇಕು ಬಿಡು."